ತಿಳಿಯಾಗಿಯೇ ಉಳಿದ ನೀರು

ಸುಳ್ಳು ಹೇಳಿದರೆ ಹತ್ತಿರದ ನೀರು ಕದಡುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಆದರೆ ನಾನೊಮ್ಮೆ ಜಂಬ ಕೊಚ್ಚಿದರೆ ಇಡೀ ಕೆರೆಯೇ ಜೋಳದ ಅಂಬಲಿಯಾಗುತ್ತದೆ. ಅದಕ್ಕೇ ಕಾಲೇಜಿನ ಸಂಶೋಧನೆಯಲ್ಲಿ ನೀರು ಕದಡುವ ಕೆಲಸ ನನ್ನದು, ಪಟಿಕ ಹಾಕಿ ತಿಳಿ ಮಾಡುವುದು ಜೊತೆಗಾತಿ ದಾಕ್ಷಿಯದು.

ಜಾಡಿಗಳ ನೀರು ಕಲಕುವ ಲ್ಯಾಬಿನ ಯಂತ್ರದಲ್ಲಿ ಮೊನ್ನೆ ನಾನು ಮಜ್ಜಿಗೆ ಕಡೆದೆ, ಮೋಟಾರು ಸುಟ್ಟುಹೋಯಿತು. ಇವತ್ತು ನಮ್ಮ ಪ್ರಾಧ್ಯಾಪಕ ಅಂಗಡಿ ಸರ್, ಸುಳ್ಳು ಹಿಡಿಯಲೆಂದು ವಿಚಾರಣೆಗೆ ಒಂದು ಜಾಡಿ ನೀರು ಇಡಿಸಿದ್ದರು. ಅವರು ಬರುವ ಮೊದಲೇ ನಾನು ಅದರಲ್ಲಿ ಪಟಿಕ, ನುಗ್ಗೆಬೀಜದ ಪುಡಿ ಬೆರೆಸಿಟ್ಟಿದ್ದೆ. ಎಂಥ ಸುಳ್ಳಿಗೂ ನೀರು ಕದಡದಂತೆ, ಜಗತ್ತಿನಲ್ಲಿ ಯಾವ ವಿಜ್ಞಾನಿಗೂ ಹೊಳೆಯದ ಅಳತೆ ಅದು.

"ಯಾರು ಸುಟ್ಟಿದ್ದಪಾ?" ಎಂದರು ಸರ್, ನನ್ನನ್ನೂ ದಾಕ್ಷಿಯನ್ನೂ ಎದುರು ನಿಲ್ಲಿಸಿಕೊಂಡು.

"ದಾಕ್ಷಿ ರೀ ಸರ್ರ. ಬಂದ್ ಮಾಡೂದು ಮರ್ತು ಮನಿಗೆ ಹೋಗಿದ್ಲು."

ಮೂವರೂ ಜಾಡಿ ನೋಡಿದೆವು. ನೀರು ಗಾಜಿನಂತಿತ್ತು.

"ನಾಳಿಂದ ಲ್ಯಾಬಿಗೆ ಬರಬ್ಯಾಡವಾ," ಎಂದು ಅವಳಿಗೆ ಹೇಳಿ ಸರ್ ಎದ್ದು ಹೋದರು.

ದಾಕ್ಷಿ ಜಗಳಕ್ಕೆ ಬಂದರೆ ಹೇಳಲೆಂದು ನೂರು ಉತ್ತರ ಸಿದ್ಧವಿದ್ದವು. ಅವಳು ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಬಂದ್ ಮಾಡೀನಿ ಅನ್ಕೊಂಡಿದ್ದೆ. ನೀರು ತಿಳಿ ಐತಿ ಅಂದ್ರ ನಾನೇ ಮರ್ತಿರಬೇಕು. ನಿನ್ನ ಮ್ಯಾಲೆ ಸಂಶಯಪಟ್ಟಿದ್ದೆ, ತಪ್ಪಾತಪಾ."

ಇಷ್ಟು ದೊಡ್ಡ ಬಾಯಿಯ ನಾನು, ತಲೆ ಎತ್ತದೆ, "ಇರ್ಲಿ ಬಿಡು" ಎಂದು ಅವಳನ್ನು ಕ್ಷಮಿಸಿದೆ.