ತಾನೇ ಕೊಂಡು ತಂದ ರಾಖಿ

ಅರಸೀಕೆರೆಯ ಒಂದು ಹಳೇ ವಠಾರ... ನಡುವೆ ಒಂದೇ ಗೋಡೆ. ಆ ಕಡೆ ರಂಜನಿಯ ಮನೆ, ಈ ಕಡೆ ಸುಹಾಸನ ಮನೆ.

ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು ಬರುತ್ತಿತ್ತು. ಹಸಿವಾದಾಗ ಮಕ್ಕಳಿಬ್ಬರೂ ಯಾವ ಬಾಗಿಲು ತೆರೆದಿದೆಯೋ ಅಲ್ಲಿಗೆ ನುಗ್ಗಿ ಉಣ್ಣುತ್ತಿದ್ದರು.

ರಂಜನಿಗೆ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ ಬಂತು. ಬೀದಿಯ ಚರಂಡಿ ದಾಟುವಾಗ ಸುಹಾಸನೇ ಕೈ ಹಿಡಿದು ದಾಟಿಸುತ್ತಿದ್ದ... ಆಗ ಅವನಿಗೆ ನಾಚಿಕೆಯೇನೂ ಇರಲಿಲ್ಲ.

ನಾಚಿಕೆ ಶುರುವಾದದ್ದು ಮೀಸೆ ಚಿಗುರಿದ ಮೇಲೆ.

ಹತ್ತನೇ ಕ್ಲಾಸಿನ ಹುಡುಗರು ಸುಮ್ಮನಿರುತ್ತಾರೆಯೇ? ರಂಜನಿಗೆ "ಸೋಡಾಬುಡ್ಡಿ" ಎಂದು ಹೆಸರಿಟ್ಟರು. ಜೊತೆಯಲ್ಲಿ ಬರುವ ಸುಹಾಸನನ್ನು "ಸೋಡಾಬುಡ್ಡಿ ಗಂಡ" ಎಂದರು...

ಅವನಿಗೆ ಮೈಯೆಲ್ಲ ಉರಿಯಿತು. ಗೇಲಿ ಮಾಡಿದವರ ಮೇಲಲ್ಲ, ಆ ಪಾಪದ ಹುಡುಗಿಯ ಮೇಲೆ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಇದಕ್ಕೇ.

ರಾಖಿ ಹಬ್ಬ ಬಂತು. ಎಲ್ಲಿ ಯಾರು ಕಟ್ಟಿಬಿಡುತ್ತಾರೋ ಎಂದು ಅರ್ಧ ಹುಡುಗರು ಶಾಲೆಗೇ ಚಕ್ಕರ್ ಹೊಡೆದರು. ಈ ಮಹಾಶಯ ಮಾತ್ರ ಗೇಟಿನ ಹತ್ತಿರದ ಅಂಗಡಿಯಲ್ಲಿ ತಾನೇ ಒಂದು ರಾಖಿ ಕೊಂಡು ತಂದ!

ಇಡೀ ಕ್ಲಾಸಿನ ಎದುರು ಅದನ್ನು ಅವಳ ಡೆಸ್ಕಿನ ಮೇಲೆ ಎಸೆದು ಕೈ ಚಾಚಿದ. "ಕಟ್ಟೇ... ಇವರಿಗೆಲ್ಲ ಗೊತ್ತಾಗ್ಲಿ."

ರಂಜನಿ ಕನ್ನಡಕ ತೆಗೆದು ಒರೆಸಿಕೊಂಡಳು. "ನಿಜವಾಗ್ಲೂ ಕಟ್ಲೇನೋ?" ಎಂದು ಮೆಲ್ಲಗೆ ಕೇಳಿದಳು.

"ಕಟ್ಟೇ ಬೇಗ, ಬೆಲ್ ಹೊಡಿಯತ್ತೆ."

ಕಟ್ಟಿದಳು. ಕ್ಲಾಸು ಚಪ್ಪಾಳೆ ತಟ್ಟಿ ನಕ್ಕಿತು. ಸಂಜೆ ಮನೆ ತಲುಪುವ ಮೊದಲೇ ಅವನು ಅದನ್ನು ಕಿತ್ತು ಅದೇ ಚರಂಡಿಗೆ ಎಸೆದ.

ವರ್ಷಗಳು ಉರುಳಿದವು... ಸುಹಾಸನಿಗೆ ಕಲಬುರಗಿಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು. ಪ್ರತಿ ಶ್ರಾವಣದಲ್ಲೂ ಅಲ್ಲಿಗೆ ರಂಜನಿಯ ರಾಖಿಯ ಕವರ್ ಬರುತ್ತಿತ್ತು.

"ಇವಳಿಗೆ ಇನ್ನೂ ಬುದ್ಧಿ ಬಂದಿಲ್ಲ" ಎಂದು ನಕ್ಕು, ಒಡೆಯದೆಯೇ ಡ್ರಾಯರಿಗೆ ಹಾಕುತ್ತಿದ್ದ.

ಒಂದು ದೀಪಾವಳಿಗೆ ಊರಿಗೆ ಬಂದಾಗ ಅವನ ಅಮ್ಮನಿಗೆ ಕಾಲು ಉಳುಕಿತ್ತು. ರಂಜನಿ ಆಗ ಅದೇ ಊರಿನ ಶಾಲೆಯಲ್ಲಿ ಟೀಚರ್. ಅಮ್ಮನ ಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತ, ಏನೋ ಹೇಳಿ ನಗಿಸುತ್ತಿದ್ದಳು.

ಅದೇ ದಪ್ಪ ಕನ್ನಡಕ, ಅದೇ ಎಣ್ಣೆ ಜಡೆ... ಸುಹಾಸನಿಗೆ ಕಣ್ಣು ಕೀಳಲಾಗಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಕಥೆ.

ಯುಗಾದಿಗೆ ಬರುವಾಗ ಅವಳಿಗೆಂದು ಒಂದು ಸೀರೆ ತಂದ. ಇವತ್ತು ಹೇಳಿಯೇಬಿಡಬೇಕು ಎಂದು ಎದ್ದು ನಿಂತಾಗಲೇ... ರಂಜನಿಯ ಅಮ್ಮ ಲಗ್ನಪತ್ರಿಕೆ ಹಿಡಿದು ಒಳಗೆ ಬಂದರು.

"ಹುಡುಗ ಹಾಸನದವನು, ಒಳ್ಳೇ ಜನ. ಸುಹಾಸಾ, ಅರಳು ಹಾಕೋಕೆ ನೀನೇ ನಿಲ್ಬೇಕಪ್ಪಾ. ಅಣ್ಣ ತಮ್ಮ ಇಲ್ದಿರೋಳು... ನೀನೇ ಅಣ್ಣ ಅಂತ ಹಟ ಹಿಡಿದು ಕೂತಿದಾಳೆ."

ಮದುವೆ ಹೋಮದಲ್ಲಿ ಹುಡುಗಿಯ ಬೊಗಸೆಗೆ ಅರಳು ತುಂಬುವವನು ಅವಳ ಒಡಹುಟ್ಟಿದವನು.

"ಸೇಡು ತೀರಿಸಿಕೊಳ್ಳುತ್ತಿದ್ದಾಳೆ" ಎಂದುಕೊಂಡು ಸುಹಾಸ ಹಿತ್ತಲಿಗೆ ನುಗ್ಗಿದ. ಅಲ್ಲಿ ರಂಜನಿ ಸಂಡಿಗೆ ಒಣಹಾಕುತ್ತಿದ್ದಳು.

"ರಂಜನಿ... ಅವತ್ತು ಆ ರಾಖಿ... ಅದು ಹುಡುಗರ ಬಾಯಿ ಮುಚ್ಚಿಸೋಕೆ ಅಷ್ಟೇ ಕಣೇ..."

"ಗೊತ್ತು," ಎಂದಳು ಅವಳು. "ಆಗ ನಂಗೆ ನೀನಂದ್ರೆ ಪ್ರಾಣ. ಅದಕ್ಕೇ ಕೇಳಿದ್ದು, ನಿಜವಾಗ್ಲೂ ಕಟ್ಲಾ ಅಂತ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ತಿರುಗಿಸ್ಕೊಂಡು ಅತ್ತಿದ್ದೆ."

ಭೂಮಿ ಬಾಯ್ಬಿಡಬಾರದೇ ಎನ್ನಿಸಿತು ಅವನಿಗೆ.

"ಕಟ್ಟಿದ ಮೇಲೆ ಕಟ್ಟಿದ್ದೇ ಅಲ್ವೇನೋ? ಮೊದಮೊದಲು ಕಷ್ಟ ಆಯ್ತು... ಆಮೇಲೆ ನೀನು ನಿಜವಾಗ್ಲೂ ಅಣ್ಣನೇ ಆಗ್ಬಿಟ್ಟೆ. ಹೋಗ್ಲಿ, ನಾನು ಕಳಿಸಿದ್ದೆಲ್ಲ ಕಟ್ಕೊಂಡ್ಯಾ?"

"ಹ್ಞೂಂ" ಎಂದ ಸುಹಾಸ... ಆಗಲೂ ಸುಳ್ಳೇ ಹೇಳಿದ.

ಅವಳು ಅವನ ಮುಖವನ್ನೊಮ್ಮೆ ನೋಡಿ, ನಕ್ಕು, ಸಂಡಿಗೆಯತ್ತ ತಿರುಗಿದಳು.

ಕಲಬುರಗಿಗೆ ಹಿಂದಿರುಗಿದವನೇ ಡ್ರಾಯರ್ ಎಳೆದು ಒಂದೊಂದೇ ಕವರ್ ಒಡೆದ. ಪ್ರತಿಯೊಂದರಲ್ಲೂ ಒಂದು ರಾಖಿ... ಜೊತೆಗೆ ಪುಟ್ಟ ಪೊಟ್ಟಣದಲ್ಲಿ ಕಲ್ಲುಸಕ್ಕರೆ. ರಾಖಿ ಕಟ್ಟಿ ಅಣ್ಣನ ಬಾಯಿ ಸಿಹಿ ಮಾಡಬೇಕಲ್ಲ!

ಕೆಲವನ್ನು ಇರುವೆಗಳು ತಿಂದು ಮುಗಿಸಿದ್ದವು. ಉಳಿದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಸುಹಾಸ ಮಗುವಿನ ಹಾಗೆ ಅತ್ತ.

ಮದುವೆಯ ದಿನ ಆ ಸೀರೆಯನ್ನು ಅಣ್ಣನ ಉಡುಗೊರೆ ಎಂದು ಕೊಟ್ಟ. ಹೋಮದ ಮುಂದೆ ಅರಳಿನ ಮೊರ ಹಿಡಿದು ನಿಂತಾಗ ಅವನ ಮಣಿಕಟ್ಟಿನಲ್ಲಿ ಬಣ್ಣ ಮಾಸಿದ ಒಂದು ರಾಖಿಯಿತ್ತು. ರಂಜನಿ ಅದನ್ನೇ ನೋಡಿದಳು.

"ಸುಳ್ಳು ಹೇಳಿದ್ದೆ ಕಣಮ್ಮಾ..." ಎಂದ ಸುಹಾಸ. "ನೀನು ಕಳಿಸಿದ್ರಲ್ಲಿ ಒಂದೂ ಕಟ್ಕೊಂಡಿರ್ಲಿಲ್ಲ. ಇದೇ ಮೊದಲು."

"ಗೊತ್ತು ಕಣೋ. ಕಟ್ಕೊಂಡಿದ್ರೆ ನೀನು ಒಂದ್ಸಲನಾದ್ರೂ ಫೋನ್ ಮಾಡ್ತಿದ್ದೆ."

"ಗೊತ್ತಿದ್ದೂ... ಯಾಕೆ ಕಳಿಸ್ತಿದ್ದೆ?"

"ಕಟ್ಟಿದವಳು ನಾನಲ್ವಾ?" ಎಂದು ಬೊಗಸೆ ಚಾಚಿದಳು. "ಹಾಕು ಅಣ್ಣಾ... ಪುರೋಹಿತರು ಕಾಯ್ತಿದಾರೆ."

ಅಳುತ್ತಲೇ ಅವನು ಸುರಿದ ಅರಳಿನಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು.

"ಪಾಪ, ತಂಗಿ ಹೋಗ್ತಾಳಲ್ಲ ಅಂತ ಸಂಕಟ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅವನು ಅಳುತ್ತಿದ್ದದ್ದು ನಾಚಿಕೆಗೆ ಎಂದು ಅಲ್ಲಿ ಗೊತ್ತಿದ್ದದ್ದು ಒಬ್ಬಳಿಗೇ.

ನಾಲ್ಕು ಜನರ ನಗುವಿಗೆ ಹೆದರಿ ನಮ್ಮವರನ್ನು ದೂರ ತಳ್ಳಿದರೆ... ನಕ್ಕವರು ಮರುದಿನವೇ ಮರೆಯುತ್ತಾರೆ, ತಳ್ಳಿದ ಕೈ ಮಾತ್ರ ಜೀವಮಾನವೆಲ್ಲ ನೋಯುತ್ತದೆ.

ಯಾರದೋ ಗೇಲಿಗೆ ಅಂಜಿ ನೀವು ಕೈಬಿಟ್ಟ ಒಬ್ಬರಿದ್ದಾರೆಯೇ...? ಅವರಿಗೆ ಇವತ್ತಾದರೂ ಒಂದು ಫೋನ್ ಮಾಡುತ್ತೀರಾ?