ಸೊನ್ನೆಗಿಂತ ಕೆಳಗೆ

ನೂರು ಕೊಟ್ಟಳು, ಸಾಲು ಕೆಂಪಾಗಲಿಲ್ಲ. ಸಾವಿರ ಕೊಟ್ಟಳು, ಊಹೂಂ. ಹಟಕ್ಕೆ ಬಿದ್ದು ಹತ್ತು ಸಾವಿರ ಕೊಟ್ಟಳು. ಪರದೆಯ ಮೇಲಿನ ಸಾಲುಗಳೆಲ್ಲ ಬೆಳ್ಳಗೇ ಹಲ್ಲುಕಿರಿದವು.

ಮನೆಯ ಮುಂದಿನ ಕೋಣೆಯೇ ಅವಳು, ಗಂಡ, ಭಾವ ಮೂವರ ಆಫೀಸು. ಆಸ್ಪತ್ರೆಯೊಂದಕ್ಕೆ, ಕಾಯುತ್ತಿರುವ ರೋಗಿಗಳ ಪಟ್ಟಿ ತೋರಿಸುವ ವೆಬ್ ಪುಟ ಮಾಡುತ್ತಿದ್ದರು. ಜೀವಕ್ಕೆ ಅಪಾಯವಿರುವವರ ಸಾಲು ಕೆಂಪಾಗಬೇಕು, ಅದು ಅವಳ ಕೆಲಸ. ಮೂರು ಗಂಟೆಗೆ ಹೋಗಿ ತೋರಿಸಬೇಕು. ಯಾವಾಗಲೂ ಹೋಗುವವರು ಭಾವ, ಅಂದರೆ ಗಂಡನ ಅಣ್ಣ, ಕಂಪನಿಯ ಯಜಮಾನರು. ಈ ಸಲವಾದರೂ ತಾನು ಹೋಗಬೇಕೆಂದು ಅವಳಿಗೆ ಜೀವ ಹೋಗುವಷ್ಟು ಆಸೆ. ಆದರೆ ಕೆಂಪೇ ಬರದಿದ್ದರೆ ಯಾವ ಮುಖ ಹೊತ್ತು ಕೇಳುವುದು?

ಸಾಲಿನ ಟ್ಯಾಗಿಗೆ ಎರಡು ಡೈರೆಕ್ಟಿವ್, ಅಂದರೆ ಸಾಲು ಹೇಗೆ ಕಾಣಬೇಕೆಂದು ಹೇಳುವ ಕೋಡಿನ ತುಣುಕುಗಳು, ಜೋತುಬಿದ್ದಿದ್ದವು. ಒಂದು ಅವಳ ಕೆಂಪಿನದು, ಇನ್ನೊಂದು ಎಲ್ಲ ಸಾಲನ್ನೂ ಬೆಳ್ಳಗಿಡುವ ಭಾವನದು. ಪ್ರಯಾರಿಟಿ, ಅಂದರೆ ಸರದಿಯ ಅಂಕಿ, ದೊಡ್ಡದಿದ್ದದ್ದು ಮೊದಲು ಕೆಲಸ ಮಾಡುತ್ತದೆ ಎಂದು ಓದಿದ್ದಳು. ಭಾವ ಅಂಕಿಯನ್ನೇ ಕೊಟ್ಟಿರಲಿಲ್ಲ, ಎಂದರೆ ಸೊನ್ನೆ. ಸೊನ್ನೆಯ ಎದುರು ಹತ್ತು ಸಾವಿರ ಸೋಲುವುದೆಂದರೆ ಏನು ಕರ್ಮ ಇದು! ಅವಳ ತಲೆ ಕೆಟ್ಟುಹೋಯಿತು.

ಗಂಡ ಬಂದು ಇಣುಕಿದ. ಬ್ರೌಸರು ಒಂದು ಸಾಲಿನ ಅಚ್ಚನ್ನು ಒಮ್ಮೆ ತಯಾರಿಸಿಕೊಂಡು ಅದನ್ನೇ ನೂರು ರೋಗಿಗಳಿಗೂ ಒತ್ತುತ್ತದೆ, ಅಚ್ಚಿನಲ್ಲೇ ಏನೋ ಆಗಿದೆ ಎಂದ.

"ನಿಂದು ಮೊದಲು ಬರೀತದೆ, ಸರಿ. ಆಮೇಲೆ ಬಂದವರು ಅದನ್ನ ಒರೆಸಿ ತಮ್ಮದು ಬರೆದ್ರೆ?"

ಆಗ ಅವಳಿಗೆ ಹೊಳೆಯಿತು. ಇಷ್ಟು ಹೊತ್ತೂ ತಾನೇ ಮುಂದೆ ಓಡಿ ಓಡಿ ಭಾವನಿಗೆ ದಾರಿ ಮಾಡಿಕೊಟ್ಟಿದ್ದಳು. ಹತ್ತು ಸಾವಿರ ಅಳಿಸಿ, ಭಾವನ ಸೊನ್ನೆಯ ನಂತರ ಬರಲೆಂದು, ಅನುಮಾನದಿಂದಲೇ ಮೈನಸ್ ಒಂದು ಎಂದು ಬರೆದಳು. ಜೀವಕ್ಕೆ ಅಪಾಯವಿದ್ದ ಇಬ್ಬರ ಸಾಲುಗಳು ಥಟ್ಟನೆ ಕೆಂಪಾದವು.

ಊಟಕ್ಕೆ ಕೂತಾಗ ಆಸ್ಪತ್ರೆಗೆ ಯಾರು ಹೋಗುವುದೆಂಬ ಮಾತು ಬಂತು. ಬೇರೆ ದಿನವಾಗಿದ್ದರೆ ಎಲ್ಲರಿಗಿಂತ ಮೊದಲು ಅವಳೇ ಬಾಯಿ ತೆರೆಯುತ್ತಿದ್ದಳು. ಗಂಡ ಆಗಲಿ ಎನ್ನುತ್ತಿದ್ದ, ಕೊನೆಗೆ ಭಾವ ಒಂದು ಮಾತು ಹೇಳುತ್ತಿದ್ದರು, ಎಲ್ಲರೂ ಕೈತೊಳೆಯಲು ಏಳುತ್ತಿದ್ದರು. ಇವತ್ತು ಅವಳು ಪಿಟ್ಟೆನ್ನಲಿಲ್ಲ. ಗಂಡನಿಗೇ ಗಾಬರಿಯಾಗಿ ಮೈ ಹುಷಾರಿದೆ ತಾನೇ ಎಂದು ಕೇಳಿದ.

"ಸರಿ, ನಾನೇ ಹೋಗಿ ಬರ್ತೀನಿ" ಎಂದರು ಭಾವ. ಗಂಡ ಏಳಲು ಕುರ್ಚಿ ಸರಿಸಿದ.

"ಕೆಂಪು ನಾನು ಮಾಡಿದ್ದು ಭಾವ. ನಾನು ಹೋಗ್ತೀನಿ" ಎಂದು ಅವಳು ಎದ್ದು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಭಾವ ನೀರಿನ ಲೋಟ ಹಿಡಿದು, ಇನ್ನೂ ಯಾರಾದರೂ ಮಾತಾಡುವುದಿದೆಯೋ ಎಂಬಂತೆ ತಮ್ಮನ ಮುಖ ನೋಡುತ್ತ ಕೂತರು.