ಐದು ತೂತಿನ ಡಿಸ್ಕು

ಪಾತ್ರೆ ತೊಳೆದಾದ ಮೇಲೆ ಅವಳು ಬ್ರೇಕ್ ಡಿಸ್ಕನ್ನು ಉಜ್ಜಲು ಕುಳಿತಳು. ಹಳೆಯ ಮೋಟಾರ್‌ಸೈಕಲ್ಲಿನ ಮುಂದಿನ ಚಕ್ರದ್ದು. ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದ್ದಳು.

"ಇವತ್ತು ಆ ತಟ್ಟೇಲೇ ಊಟ ಬಡಿಸ್ತೀಯೋ ಹೇಗೆ?" ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತಿದ್ದ ಗಂಡ ಕೇಳಿದ. "ಮೈಯೆಲ್ಲ ತೂತು. ಬಡಿಸಿದ್ದೆಲ್ಲ ಸೋರಿಹೋಗುತ್ತೆ ನೋಡು."

"ಗಾಡಿಗೆ ಸರಿಯಾದ ಡಿಸ್ಕು ಸಿಗಲಿ ರೀ. ಆಮೇಲೆ ನನ್ನ ತಮ್ಮನಿಗೆ ಕಾಗದ ಹಾಕ್ತೀನಿ."

"ಅವನಿಗಾ? ಯಾವುದೋ ಗಾಡೀದು ತಂದು ತುರುಕಿ ನನ್ನ ಕಾಲು ತೆಗೆದವನಿಗಾ?"

ಅವಳು ಉಜ್ಜುತ್ತಲೇ ಇದ್ದಳು. ಎರಡು ವರ್ಷದ ಹಿಂದೆ ತಿರುವಿನಲ್ಲಿ ಗಾಡಿ ಗೋಡೆಗೆ ಬಡಿದಿತ್ತು. 'ಬ್ರೇಕೇ ಹಿಡೀಲಿಲ್ಲ' ಎಂಬ ಒಂದು ಮಾತು ಬೀದಿಯೆಲ್ಲ ಸುತ್ತಿತು. ಮೆಕ್ಯಾನಿಕ್ ತಮ್ಮನ ಗ್ಯಾರೇಜಿಗೆ ಬೀಗ ಬಿತ್ತು. ಈಗ ಅವನು ದೂರದ ಊರಿನಲ್ಲಿ ಯಾರದೋ ಕೈಕೆಳಗೆ ಪಂಕ್ಚರ್ ಹಾಕುತ್ತಿದ್ದ. ಅವನಿಗೆ ಬರೆದ ಕಾಗದ, ಅಂಚೆಚೀಟಿ ಅಂಟಿಸಿದ್ದು, ಅಂದಿನಿಂದ ಗೋಡೆ ಗಡಿಯಾರದ ಹಿಂದೆಯೇ ಇತ್ತು.

ಮರುದಿನ ಅವಳು ಡಿಸ್ಕು ಹಿಡಿದು ಹೊಕ್ಕಿದ್ದು ಆರನೆಯ ಅಂಗಡಿ. ಬಿಡಿಭಾಗ ಮಾರುವ ಮುದುಕ ಡಿಸ್ಕನ್ನು ಬೆರಳ ಮೇಲೆ ತಿರುಗಿಸಿದ, ದಪ್ಪ ಅಳೆದ.

"ಈ ಗಾಡಿ ಬರೋದು ನಿಂತು ಎಷ್ಟೋ ವರ್ಷ ಆಯ್ತಲ್ಲಮ್ಮ. ಯಾರು ಓಡಿಸ್ತಾರೆ?"

"ಈಗ ಯಾರೂ ಇಲ್ಲ."

ಅವನು ಅಟ್ಟ ಹತ್ತಿ, ದೂಳು ಊದಿ, ಒಂದು ಡಿಸ್ಕು ತಂದ. "ಬೇರೆ ಮಾಡೆಲ್‌ದು. ಆದ್ರೆ ನಿಮ್ಮ ಗಾಡಿಗೆ ಈಗ ಕೂರೋದು ಇದೊಂದೇ." ಹಳೆಯದರ ಮೇಲಿಟ್ಟ. ಬೋಲ್ಟಿನ ಐದು ತೂತಿಗೆ ಐದು ತೂತು. ಅಗಲ, ದಪ್ಪ, ಎಲ್ಲವೂ ಅದೇ.

ಅವಳ ಮುಖ ಇಳಿಯಿತು.

"ಹಳೇದನ್ನ ಇನ್ನೊಂದ್ಸಲ ನೋಡಿ. ಏನಾದ್ರೂ ಊನ ಇರಲೇಬೇಕು."

"ಕೂದಲೆಳೆಯಷ್ಟೂ ಇಲ್ಲಮ್ಮ. ಇದನ್ನ ಹಾಕಿದವನು ಕಸುಬು ಬಲ್ಲವನು."

ಹಿಂದಿನ ಐದು ಅಂಗಡಿಯವರೂ ಅದನ್ನೇ ಹೇಳಿದ್ದರು. ಅವರು ಕೊಟ್ಟ ಐದು ಡಿಸ್ಕುಗಳು ಸುತ್ತಿದ ಕಾಗದ ಸಹ ಬಿಚ್ಚದೆ ಟ್ರಂಕಿನಲ್ಲಿ ಬಿದ್ದಿದ್ದವು.

ಆರನೆಯದನ್ನು ಅವಳು ಕೊಳ್ಳಲಿಲ್ಲ. ಮನೆಗೆ ಬಂದವಳೇ ಗಡಿಯಾರದ ಹಿಂದೆ ಕೈ ಹಾಕಿದಳು.

"ಸಿಕ್ತಾ?" ಎಂದ ಗಂಡ.

"ಸರಿಯಾದದ್ದೇ ಇತ್ತು ರೀ, ಮೊದಲಿಂದ. ಈ ಕಾಗದ ಹಾಕಿ ಬರ್ತೀನಿ. ಬಂದು ನಿಮಗೂ ಒಂದು ಮಾತು ಹೇಳೋದಿದೆ."

ಬೀದಿ ಕೊನೆಯ ಅಂಚೆ ಡಬ್ಬಿಯೊಳಗೆ ಕಾಗದ ಬಿತ್ತು. ಅದರಲ್ಲಿದ್ದದ್ದು ಒಂದೇ ಸಾಲು: "ತಮ್ಮಾ, ಅವತ್ತು ಭಾವನ್ನ ಹಿಂದೆ ಕೂರಿಸ್ಕೊಂಡು ಗಾಡಿ ಓಡಿಸ್ತಾ ಬಟ್ಟೆ ಅಂಗಡಿ ಗಾಜಿನ ಕಡೆ ನೋಡ್ತಿದ್ದೆ; ನಾನು ಬ್ರೇಕ್ ಹಾಕಲೇ ಇಲ್ಲ."